ಮಲಗೀನಿ, ಬಾ

ಫೋನಿನಲ್ಲಿ ತಮ್ಮನ ದನಿಯ ಹಿಂದೆ ಗುಂಡಿನ ಸದ್ದು ಇತ್ತೋ, ಇರಲಿಲ್ಲವೋ? ಇದ್ದಿದ್ದರೆ ಅದು ಆಟ. ತಮ್ಮ ಯಾವುದೋ ಮರದ ನೆರಳಿಗೆ ಕೂತು ಫೋನಿನಲ್ಲಿ ಆಡುತ್ತಿದ್ದಾನೆ ಎಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ಇರಲಿಲ್ಲವೆಂದರೆ? ಹಂಪೇಶನ ಯೋಚನೆ ಪ್ರತಿ ಸಲವೂ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಬಾಣಲೆಗೆ ಬಿಟ್ಟಾಗ ಎಣ್ಣೆ ಒಮ್ಮೆಲೇ ಎದ್ದು ಕೂಗುತ್ತದೆ. ಆ ಕೂಗಿನಲ್ಲಿ ಫೋನಿನೊಳಗಿನ ಸಣ್ಣ ಸದ್ದುಗಳು ಕೇಳುವುದಾದರೂ ಹೇಗೆ? ಕೇಳಿದ್ದು ತಮ್ಮನ ದನಿ ಮಾತ್ರ. "ಅಣ್ಣಾ, ಉಜ್ಜಿನಿ ಹಳ್ಳದಾಗ ಮಲಗೀನಿ. ಬಾ."

"ಹೊತ್ತತಾವ, ತಗಿ," ಎಂದ ಅಪ್ಪ ಶಿವಯೋಗಪ್ಪ.

ಹಂಪೇಶ ಕಪ್ಪಾಗಿದ್ದವನ್ನು ಬಾಣಲೆಯಿಂದ ತೆಗೆದು ಬದಿಗೆ ಹಾಕಿದ. ತಮ್ಮ ಪ್ರವೀಣಕುಮಾರನನ್ನು ಮಣ್ಣು ಮಾಡಿದ ಮೇಲೆ ಅಂಗಡಿ ತೆರೆದದ್ದು ಅದೇ ಮೊದಲ ದಿನ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ವಗ್ಗರಣಿ ಅಂಗಡಿ. ನೆನೆಸಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಹುರಿಗಡಲೆ ಪುಡಿ ಹಾಕಿ ಅಪ್ಪ ಒಗ್ಗರಣೆ ಕೊಡುತ್ತಿದ್ದ. ಮೆಣಸಿನಕಾಯಿ ಬಜ್ಜಿ ಕರಿಯುವುದು ಹಂಪೇಶನ ಕೆಲಸ. ಗಿರಾಕಿಗಳು ಅಂದು ಎಂದಿನಂತೆ ಹರಟದೆ ಪೇಪರಿನ ತುಂಡಿನಲ್ಲಿಟ್ಟದ್ದನ್ನು ತಲೆ ತಗ್ಗಿಸಿ ತಿಂದು ಹೋದರು. ಒಬ್ಬ ಮುದುಕ ಮಾತ್ರ, ಸಣ್ಣವ ಎಲ್ಲಿ ಹೋಗ್ಯಾನ, ಕಾಣವಲ್ಲ ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ. ಅಪ್ಪ ಅವನ ಮಂಡಕ್ಕಿಯ ಮೇಲೆ ಇನ್ನೊಂದು ಹಿಡಿ ಪುಡಿ ಉದುರಿಸಿದ.

ಆಟ ಆ ಮನೆಗೆ ಬಂದದ್ದು ಕೊರೊನಾ ವರ್ಷದಲ್ಲಿ. ಅಂಗಡಿಗೆ ಬೀಗ ಬಿದ್ದಿತ್ತು. ಪ್ರವೀಣನ ಶಾಲೆ ಫೋನಿನೊಳಗೆ ನಡೆಯುತ್ತಿತ್ತು. ಅವ್ವ ಗಂಗಾಂಬಿಕಾ ಮನೆಯಲ್ಲೇ ಜೋಳದ ಕಟಿ ರೊಟ್ಟಿ ತಟ್ಟಿ, ಬೇಕೆಂದವರಿಗೆ ಕೊಟ್ಟು, ಅದರಲ್ಲಿ ಉಳಿಸಿ ಸಣ್ಣ ಮಗನಿಗೆ ಫೋನು ಕೊಡಿಸಿದಳು. ಪಾಠ ಮುಗಿದ ಮೇಲೆ ಅಣ್ಣ ತಮ್ಮ ಇಬ್ಬರೂ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರೆ ಉಣ್ಣಲು ಕರೆದರೂ ಏಳುತ್ತಿರಲಿಲ್ಲ. ಅದೊಂದು ನಡುಗಡ್ಡೆಯ ಆಟ. ಬಂದೂಕು ಹಿಡಿದ ಗುಂಪುಗಳು ಅಲ್ಲಿ ಇಳಿದು ಒಬ್ಬರನ್ನೊಬ್ಬರು ಬೇಟೆಯಾಡಬೇಕು. ಏಟು ಬಿದ್ದವನು ನೆಲದ ಮೇಲೆ ತೆವಳುತ್ತಾನೆ. ಅವನ ಕಡೆಯವರು ಯಾರಾದರೂ ಹೊತ್ತು ಮೀರುವ ಮೊದಲು ಬಂದು ಎಬ್ಬಿಸಿದರೆ ಉಳಿಯುತ್ತಾನೆ, ಬರದಿದ್ದರೆ ಹೋದ.

ಒಂದು ಸಂಜೆ ಅಜ್ಜಿ ನಾಗಲಿಂಗಮ್ಮ ದೇವರ ಜಗುಲಿಯ ಮುಂದೆ ದೀಪ ಹಚ್ಚುತ್ತಿದ್ದಾಗ ಪ್ರವೀಣ, "ಅಣ್ಣಾ ಸತ್ತೆ, ಸತ್ತೆ, ಬಾರೋ" ಎಂದು ಚೀರಿದ. ಅಜ್ಜಿಯ ಕೈಯಲ್ಲಿದ್ದ ಕಡ್ಡಿ ಆರಿಹೋಯಿತು. ಅವಳು ಎದ್ದು ಬಂದು ಇಬ್ಬರ ಮುಂದೆ ನಿಂತಳು.

"ದೀಪ ಹಚ್ಚೋ ಹೊತ್ತಿನಾಗ ಎಂಥ ಮಾತೋ ಅದು? ಬ್ಯಾರೆ ಮಾತು ಸಿಗಲಿಲ್ಲೇನು ನಿಮಗ?"

"ಆಟದಾಗ ಅಜ್ಜಿ."

"ಆಟ ಆಗಲಿ, ಖರೇ ಆಗಲಿ. ಬಾಯಿ ಅದಾ ಅಲ್ಲೇನು? ಮಲಗೀನಿ ಅನ್ರಿ."

ಮೊದಮೊದಲು ಇಬ್ಬರೂ ನಗಾಡಲಿಕ್ಕೆಂದೇ ಅಂದರು. ಆಮೇಲೆ ನಾಲಿಗೆಗೆ ಅದೇ ರೂಢಿಯಾಯಿತು. ಆಟದೊಳಗಿನ ಊರುಗಳ ಪರದೇಶಿ ಹೆಸರುಗಳೂ ಅವರಿಗೆ ಒಗ್ಗಲಿಲ್ಲ, ಕೊಟ್ಟೂರಿನ ಸುತ್ತಲಿನ ಹೆಸರುಗಳನ್ನೇ ಇಟ್ಟುಕೊಂಡರು. ಗುಡ್ಡದ ಮೇಲಿನ ಹಳೆಯ ಕಟ್ಟಡ ಕೋಗಳಿ ಬಸದಿಯಾಯಿತು, ಗೋದಾಮುಗಳ ಸಾಲು ಸಂತೆಯಾಯಿತು, ಸೇತುವೆ ಇದ್ದ ತಗ್ಗು ಉಜ್ಜಿನಿ ಹಳ್ಳವಾಯಿತು. ಸಂತಿಯಾಗ ಮಲಗೀನಿ, ಬಸದಿ ಹಿಂದ ಮಲಗೀನಿ ಎಂದು ಪ್ರವೀಣ ಕೂಗಿದರೆ ಸಾಕು, ಹಂಪೇಶ ಇದ್ದಲ್ಲಿಂದ ಓಡುತ್ತಿದ್ದ. ಹೋದರೆ ತಾನೂ ಬೀಳುತ್ತೇನೆ ಎಂದು ಗೊತ್ತಿದ್ದಾಗಲೂ ಹೋಗುತ್ತಿದ್ದ. ಅವರ ಗುಂಪಿನಲ್ಲಿದ್ದ ಪಕ್ಕದ ಓಣಿಯ ಅಮರೇಶ್, ನಿಮ್ಮಣ್ಣನಿಂದ ಸೋತ್ವಿ ನೋಡಲೇ, ಬಿದ್ದವನ್ನ ಬಿಟ್ಟು ಓಡೋದು ಬರೋದಿಲ್ಲ ಅವಗ ಎಂದು ಬೈಯುತ್ತಿದ್ದ. ಪ್ರವೀಣ ತೆವಳುತ್ತಲೇ ಹೇಳುತ್ತಿದ್ದ: "ನಮ್ಮಣ್ಣ ಬರ್ತಾನ ಬಿಡು."

ಅಂಗಡಿ ಮತ್ತೆ ಶುರುವಾದ ಮೇಲೆ ಹಂಪೇಶನಿಗೆ ಆಟಕ್ಕೆ ಬಿಡುವು ಕಡಿಮೆಯಾಯಿತು. ತಮ್ಮ ಬಿಡಲಿಲ್ಲ. ಅಣ್ಣ ಆಟದಲ್ಲಿ ಕಾಣದಿದ್ದರೆ ಫೋನು ಹಚ್ಚಿ, "ಮಲಗೀನಿ, ಬಾ" ಎನ್ನುತ್ತಿದ್ದ. ಆಟಕ್ಕೆ ಕರೆಯುವ ಮಾತೇ ಅದಾಗಿಹೋಯಿತು. ಈ ವರ್ಷ ಪ್ರವೀಣ ಪಿಯುಸಿ ಎರಡನೇ ವರ್ಷಕ್ಕೆ ಬಂದಾಗ ಅಪ್ಪ ಒಂದು ದಿನ ಇಬ್ಬರನ್ನೂ ನಿಲ್ಲಿಸಿ ಬೈದ. ಸಣ್ಣವ ಕೆಟ್ಟರೆ ದೊಡ್ಡವನೇ ಕಾರಣ ಎಂದ. ಹಂಪೇಶ ಅಂದೇ ತನ್ನ ಫೋನಿನಿಂದ ಆಟ ತೆಗೆದುಹಾಕಿದ. ತಮ್ಮನಿಗೂ, ಇನ್ನು ನನ್ನನ್ನು ಕರೆಯಬೇಡ, ಕರೆದರೂ ಬರುವುದಿಲ್ಲ ಎಂದು ಹೇಳಿದ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಗಿನ ಗಿರಾಕಿಗಳು ತುಂಬಿದ್ದಾಗ ಮೆಣಸಿನಕಾಯಿ ಸಾಲದೆಂದು ಅಪ್ಪ ಪ್ರವೀಣನನ್ನು ಗಾಡಿ ಕೊಟ್ಟು ಉಜ್ಜಿನಿ ದಾರಿಯ ತೋಟಕ್ಕೆ ಕಳಿಸಿದ. ಬಹಳ ಹೊತ್ತಾದರೂ ಅವನು ಬರಲಿಲ್ಲ. ಬಂದದ್ದು ಫೋನು. ಹಂಪೇಶನ ಎರಡೂ ಕೈ ಕಡಲೆಹಿಟ್ಟಿನಲ್ಲಿದ್ದವು. ಹಿಟ್ಟಿನ ಬೆರಳಿನಿಂದಲೇ ಫೋನೆತ್ತಿ ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡ. ತಮ್ಮ ಆ ಮಾತು ಹೇಳಿದ. ಮೆಣಸಿನಕಾಯಿಗೆ ಕಳಿಸಿದರೆ ತೋಟದಲ್ಲಿ ಕೂತು ಆಡುತ್ತಿದ್ದಾನಲ್ಲ ಎಂದು ಹಂಪೇಶನಿಗೆ ಸಿಟ್ಟು ಬಂತು.

"ಗಿರಾಕಿ ನಿಂತಾರಲೇ ಇಲ್ಲಿ. ನೀನ ಎದ್ದು ಬಾ," ಎಂದು ಇಟ್ಟುಬಿಟ್ಟ.

ಉಜ್ಜಿನಿ ದಾರಿಯ ಹಳ್ಳದ ಸೇತುವೆಯಿಂದ ಗಾಡಿ ಕೆಳಗೆ ಬಿದ್ದಿತ್ತು. ಎದುರಿಗೆ ಏನು ಬಂತು, ಹೇಗೆ ಬಿದ್ದ ಎಂದು ಯಾರೂ ನೋಡಿರಲಿಲ್ಲ. ಓಬಳೇಶ್ ಎಂಬ ಕುರಿ ಕಾಯುವವನು ಅವನನ್ನು ಕಂಡು ಆಟೋದಲ್ಲಿ ದವಾಖಾನೆಗೆ ತಂದಿದ್ದ. ಹೊಟ್ಟೆಯೊಳಗೆ ರಕ್ತ ಸೋರಿತ್ತು. ಇನ್ನಷ್ಟು ಬೇಗ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಕೈಯಲ್ಲಿ ಫೋನು ಹಿಡಿದಂತೆಯೇ ಬಿದ್ದಿದ್ದ ಎಂದು ಓಬಳೇಶ್ ಹೇಳಿದ. ಅಪ್ಪ ಹಿಡಿದುಕೊಂಡದ್ದು ಆ ಮಾತನ್ನು. ಆಡುತ್ತ ಗಾಡಿ ಹೊಡೆದಿದ್ದಾನೆ, ಅದಕ್ಕೇ ಬಿದ್ದಿದ್ದಾನೆ.

ಅವರ ಪದ್ಧತಿಯಂತೆ ಪ್ರವೀಣನನ್ನು ವಿಭೂತಿ ಹಚ್ಚಿ, ಕುಳ್ಳಿರಿಸಿ ಮಣ್ಣು ಮಾಡಿದರು. ಮರುದಿನ ಅಪ್ಪ ಗಾಜು ಒಡೆದಿದ್ದ ಆ ಫೋನನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ರುಬ್ಬುಗುಂಡಿನಿಂದ ಜಜ್ಜಿದ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಅದರೊಳಗೆ ಮಗನ ಫೋಟೋಗಳಿದ್ದವು. ಹಂಪೇಶ ಒಳಗೆ ಹೋಗಿ ತನ್ನ ಫೋನಿನಲ್ಲಿ ಬಂದ ಕರೆಗಳನ್ನೆಲ್ಲ ಅಳಿಸಿದ. ಮಾತು ಕೇಳಿಸುವ ಸಣ್ಣ ತೂತುಗಳಲ್ಲಿ ಕಡಲೆಹಿಟ್ಟು ಒಣಗಿ ಕೂತಿತ್ತು. ಅದನ್ನು ತೆಗೆಯಲು ಮಾತ್ರ ಕೈ ಬರಲಿಲ್ಲ.

ಮನೆಯಲ್ಲಿ ಜಗಳ ಶುರುವಾದದ್ದು ಆಮೇಲೆ, ಊಟದ ಹೊತ್ತಿನಲ್ಲಿ. ಅಪ್ಪ ತಟ್ಟೆಯ ಮುಂದೆ ಕೂತು ಬೇಳೆ ಸಪ್ಪಗಿದೆ ಎನ್ನುತ್ತಿದ್ದ, ಪಲ್ಯಕ್ಕೆ ಉಪ್ಪಿಲ್ಲ ಎನ್ನುತ್ತಿದ್ದ. ಎಲ್ಲಿಂದ ಶುರುವಾದರೂ ಮಾತು ಫೋನಿಗೇ ಹೋಗಿ ಮುಟ್ಟುತ್ತಿತ್ತು.

"ಹುಡುಗ್ರು ಕೇಳಿದ್ದೆಲ್ಲ ಕೊಡಿಸಿದ್ರ ಹಿಂಗ ಆಗತೈತಿ."

"ಪಾಠಕ್ಕ ಕೊಡಿಸಿದ್ದು ನಾನು," ಎಂದಳು ಅವ್ವ.

"ಕಲ್ತನಲ್ಲ ಪಾಠ."

ಒಂದು ಮಧ್ಯಾಹ್ನ ವಾಣಿಶ್ರೀ ಸಹಿಸಲಿಲ್ಲ. ಹಂಪೇಶನಿಗೂ ಪ್ರವೀಣನಿಗೂ ನಡುವಿನವಳು, ಬಿಎ ಕೊನೆಯ ವರ್ಷದಲ್ಲಿದ್ದಳು. ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, "ಮೆಣಸಿನಕಾಯಿಗೆ ಕಳಿಸಿದವರು ಯಾರಪ್ಪ? ಅವ್ವ ಏನು?" ಎಂದು ಕೇಳಿದಳು.

ಅಪ್ಪ ಕಲಸಿದ ಅನ್ನ ಬಿಟ್ಟು ಎದ್ದ. ಕೈ ತೊಳೆಯದೆ ಹಿತ್ತಲಿಗೆ ಹೋದ. ಅವ್ವ ಮಗಳ ಕಡೆಗೆ ತಿರುಗಿ ಮೆಲ್ಲಗೆ ಹೇಳಿದಳು: "ಹಂಗ ಅನಬಾರದಾಗಿತ್ತು ನೀನು. ಅವರಿಗೇನು ಗೊತ್ತಿತ್ತು?"

"ನಿನಗರ ಏನು ಗೊತ್ತಿತ್ತು?" ಎಂದಳು ವಾಣಿಶ್ರೀ. ಹಂಪೇಶ ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದ. ಒಂದು ಮಾತು ಹೇಳಿದರೆ ಸಾಕಿತ್ತು. ಅವ ಆಡುತ್ತಿರಲಿಲ್ಲ, ಬಿದ್ದ ಮೇಲೆ ಫೋನು ಹಿಡಿದಿದ್ದಾನೆ, ನನಗೆ ಹಚ್ಚಿದ್ದ. ಹೇಳಿದರೆ ಅವ್ವನ ತಲೆಯ ಮೇಲಿನದು ಇಳಿಯುತ್ತಿತ್ತು. ಅದು ಬಂದು ಎಲ್ಲಿ ಕೂರುತ್ತದೆಂದು ಅವನಿಗೆ ಗೊತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡು ತಟ್ಟೆ ಎತ್ತಿದ.

ವಾರಗಳು ಹಾಗೇ ಕಳೆದವು. ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟಳು. ಬೆಳಕು ಹರಿಯುವ ಹೊತ್ತಿಗೆ ಆ ಮನೆಯಲ್ಲಿ ಏಳುತ್ತಿದ್ದ ತಟತಟ ಸದ್ದು ನಿಂತುಹೋಯಿತು. ರೊಟ್ಟಿ ಕೇಳಿಕೊಂಡು ಬಂದ ಓಣಿಯ ಕೆಂಚಕ್ಕನಿಗೆ ಹಿಟ್ಟಿಲ್ಲ ಎಂದಳು. ಡಬ್ಬಿ ತುಂಬ ಜೋಳದ ಹಿಟ್ಟಿತ್ತು. ಮನೆಯವರು ಮೂರು ಹೊತ್ತೂ ಅನ್ನ ಉಂಡರು.

ಅಜ್ಜಿಗಾದರೂ ಮೊದಲು ಹೇಳೋಣ ಎಂದು ಹಂಪೇಶ ಒಂದು ಸಂಜೆ ಅವಳ ಹತ್ತಿರ ಹೋಗಿ ಕೂತ. ಅವಳು ಜಗುಲಿಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಒಂದು ಮಾತು ನೆನಪಾತು ನೋಡಪ್ಪ ನನಗ. ಆವತ್ತು ಆ ಕೆಟ್ಟ ಮಾತು ಆಡಬ್ಯಾಡ್ರಿ ಅಂತ ನಾನ ಅಂದಿದ್ದೆ. ಮಲಗೀನಿ ಅನ್ರಿ ಅಂದೆ. ಹಾಂ ಅಂದ್ರಿ ಇಬ್ರೂ."

"ಹೂಂ ಅಜ್ಜಿ."

"ಅದೊಂದು ಚಲೋ ಆತು. ನನ್ನ ಕೂಸಿನ ಬಾಯಾಗ ಆ ಮಾತು ಬರಲಿಲ್ಲ ಕಡೀತನಕ." ಅವಳು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು. "ಈಗ ಮಲಗಿಲ್ಲ ಅವ. ಕುಂದ್ರಿಸೀವಿ ಅವನ್ನ. ಕುಂತಾನ."

ಹಂಪೇಶ ಕಡ್ಡಿ ಗೀರಿ ಅವಳ ಕೈಗೆ ಕೊಟ್ಟ. ದೀಪ ಹತ್ತಿಕೊಂಡಿತು. ಅವನು ಎದ್ದು ಹೊರಗೆ ಬಂದ.

ಓಬಳೇಶ್ ಮನೆಗೆ ಬಂದದ್ದು ಒಂದು ಸೋಮವಾರ, ಅಂಗಡಿಗೆ ರಜೆ ಇದ್ದ ದಿನ. ನಲವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಕಂಬಳಿ. ಕಟ್ಟೆಯ ಮೇಲೆ ಕೂರಲು ಒಪ್ಪದೆ ಮೆಟ್ಟಿಲ ಮೇಲೆ ಕೂತ. ಮಡಚಿ ತಂದಿದ್ದ ಚೀಲವನ್ನು ಅವ್ವನ ಮುಂದೆ ಇಟ್ಟ. ಹಳೆಯ ಸೀರೆಯಿಂದ ಅವಳೇ ಹೊಲಿದ ಮೆಣಸಿನಕಾಯಿ ಚೀಲ. ಹಳ್ಳದ ಜಾಲಿಗೆ ಸಿಕ್ಕಿಕೊಂಡಿತ್ತು, ತೊಳೆದು ತಂದೀನಿ ಎಂದ. ವಾಣಿಶ್ರೀ ಚಹಾ ತಂದು ಕೊಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯದೆ ಕೂತ.

"ನಾ ನೋಡಿದಾಗ ಜೀವ ಇತ್ರಿ ಯವ್ವಾ," ಎಂದ. "ಆವತ್ತು ದವಾಖಾನ್ಯಾಗ ಹೇಳಾಕ ಆಗಲಿಲ್ಲ. ಬಾಯಿಗೆ ನೀರು ಹನಿಸಿದೆ. ಯಾರ ಮಗನಪ್ಪ, ಯಾರಿಗೆ ಹೇಳಲಿ ಅಂದೆ. ನಮ್ಮಣ್ಣ ಬರ್ತಾನ ಬಿಡು ಅಂದ."

ಓಬಳೇಶ್ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟ.

"ಅಣ್ಣ ಬರ್ತಾನ ಅಂದನಲ್ಲ ಅಂತ ನಾನೂ ಒಂಚೂರು ಹೊತ್ತು ಕಾದೆ ನೋಡ್ರಿ. ದಾರಿ ನೋಡಿದೆ. ಅದ ತಪ್ಪಾತು ನಂದು. ಕಾಯದ ಕರಕೊಂಡು ಬರಬೇಕಾಗಿತ್ತು. ಕುರಿ ಮೇಸಾಕ ಹೋದ್ರ ಈಗ ಆ ಹಳ್ಳ ದಾಟಾಕ ಆಗವಲ್ದು ನನಗ."

ಅವ್ವ ಹಂಪೇಶನ ಕಡೆಗೆ ನೋಡಿದಳು. ಅವಳು ಹಾಗೆ ನೇರವಾಗಿ ಅವನ ಮುಖ ನೋಡಿ ವಾರಗಳಾಗಿದ್ದವು. ಅವಳ ಕಣ್ಣಿನಲ್ಲಿ ಒಂದು ಆಸೆ ಇತ್ತು. ಅದೇನೆಂದು ಅವನಿಗೆ ತಿಳಿಯಿತು.

"ಅಣ್ಣ ಬರ್ತಾನ ಅಂದನಂತ," ಎಂದಳು. "ನಿನಗ ಏನರ ಫೋನ್ ಹಚ್ಚಿದ್ನೇನೋ ಹಂಪಿ?"

ಹಂಪೇಶ ಬಾಯಿ ತೆರೆದ. ಓಬಳೇಶನ ಲೋಟದ ಚಹಾದ ಮೇಲೆ ಕೆನೆ ಕಟ್ಟಿತ್ತು. ಒಳಗಿನ ಬಾಗಿಲಲ್ಲಿ ಅಜ್ಜಿ ಚೌಕಟ್ಟು ಹಿಡಿದು ನಿಂತಿದ್ದಳು.

ಅವನು ಉತ್ತರ ಕೊಡುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೇಳಿದ: "ಅದು ಆಟದಾಗಿನ ಮಾತಲ್ಲೇನಲೇ? ದಿನಾ ಒದರ್ತಿದ್ನಲ್ಲ, ನಮ್ಮಣ್ಣ ಬರ್ತಾನ ಬಿಡು, ನಮ್ಮಣ್ಣ ಬರ್ತಾನ ಬಿಡು ಅಂತ. ಹೌದಿಲ್ಲೋ?"

"ಹೌದು," ಎಂದ ಹಂಪೇಶ. "ಆಟದಾಗ ಹಂಗ ಅಂತಿದ್ದ."

ಅದು ಸುಳ್ಳೂ ಆಗಿರಲಿಲ್ಲ. ಅಪ್ಪ ತಲೆಯಾಡಿಸಿದ. ಗೆದ್ದವನ ಮುಖವಾಗಿರಲಿಲ್ಲ ಅದು. "ಕಡೀತನಕ ಅದರಾಗ ಇದ್ದ," ಎಂದಷ್ಟೇ ಹೇಳಿ ಟವೆಲಿನಿಂದ ಮುಖ ಒರೆಸಿಕೊಂಡ. ಓಬಳೇಶ್‌ಗೆ ಏನೂ ತಿಳಿಯಲಿಲ್ಲ. ಅವನು ಕೆನೆ ಸರಿಸಿ ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದ. ಅವ್ವ ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವಳು ಎರಡು ಸೀರೆಗಳನ್ನು ಅದೇ ಚೀಲದಲ್ಲಿಟ್ಟುಕೊಂಡು ಹೊರಟಳು. ಇಟ್ಟಿಗಿಯಲ್ಲಿ ಅವಳ ತಮ್ಮ ಸಿದ್ದಲಿಂಗನ ಮನೆಯಿತ್ತು. ಸಿದ್ದನ ಮನಿಗೆ ಹೋಗಿ ಬರ್ತೀನಿ ಎಂದಳು. ಅವಳು ಓಣಿ ದಾಟುವವರೆಗೆ ಅಪ್ಪ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಅಂಗಡಿಗೆ ಮಂಡಕ್ಕಿ ಚೀಲ ಹೊತ್ತು ನಡೆದ.

ವಾಣಿಶ್ರೀ ಕಾಲೇಜಿಗೆ ಹೋಗುವ ಮೊದಲು ಅಡುಗೆ ಮಾಡಿಟ್ಟು ಹೋಗತೊಡಗಿದಳು. ಅಪ್ಪ ಸಾರು ಸಪ್ಪಗಿದೆ ಎನ್ನುವುದನ್ನು ಬಿಟ್ಟ. ಯಾರೂ ಏನೂ ಅನ್ನದ ಊಟ ಬೇಗ ಮುಗಿಯುತ್ತಿತ್ತು. ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅಂಗಡಿಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ ಅಪ್ಪ ತಲೆ ಎತ್ತದೆ ಹೇಳಿದ: "ನಿಮ್ಮವ್ವನ್ನ ಕರಕೊಂಡು ಬಾ ಹೋಗು."

"ನೀನೂ ಬಾರಪ್ಪ."

"ನಾ ಬಂದ್ರ ಬರೋದಿಲ್ಲ ಆಕಿ. ನೀ ಹೋಗು. ಏನೂ ಅನ್ನೋದಿಲ್ಲಂತ, ಬಾ ಅಂದಾನಂತ ಹೇಳು."

ಹಂಪೇಶ ಹಡಗಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇಟ್ಟಿಗಿ ಮುಟ್ಟಿದಾಗ ಮಧ್ಯಾಹ್ನ. ಅವ್ವ ಅಂಗಳದಲ್ಲಿ ಮೊರ ಹಿಡಿದು ಶೇಂಗಾ ಹಸನು ಮಾಡುತ್ತಿದ್ದಳು. ಸಣ್ಣಗಾಗಿದ್ದಳು. ಮಗನನ್ನು ಕಂಡು ಮೊರ ಕೆಳಗಿಟ್ಟು ಕೈಕಾಲಿಗೆ ನೀರು ಕೊಟ್ಟಳು. ಸಿದ್ದಲಿಂಗ ಹೊಲದಲ್ಲಿದ್ದ. ಅವಳೇ ತಟ್ಟೆ ಇಟ್ಟು ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ ಎದುರಿಗೆ ಕೂತಳು.

"ನಾ ತಟ್ಟಿದ್ದಲ್ಲ, ನಿಮ್ಮತ್ತಿ ತಟ್ಟಿದ್ದು," ಎಂದಳು. "ಅಜ್ಜಿ ಉಣ್ತಾಳೇನು? ವಾಣಿ ಪರೀಕ್ಷಿ ಯಾವಾಗ?"

ಅವನು ಎಲ್ಲ ಹೇಳಿದ. ಅಪ್ಪನ ಮಾತನ್ನೂ ಹೇಳಿದ.

"ಅವರ ಮ್ಯಾಲ ಸಿಟ್ಟಿಲ್ಲೋ ನನಗ. ಅವರು ಅಂದದ್ದು ಖರೇ ಆತಲ್ಲ. ನೀನೂ ಹೌದು ಅಂದಿ." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಈ ಕೈಲೆ ರೊಟ್ಟಿ ತಟ್ಟಿ ತಟ್ಟಿ ಕೊಡಿಸಿದೆ ಅದನ್ನ. ಈಗ ಹಿಟ್ಟು ಕಲಸಾಕ ಕೈ ಬರವಲ್ದು. ಆ ಮನಿಗೆ ಬಂದು ಏನು ಮಾಡಲಿ?"

"ಹಂಗ ಅನಬ್ಯಾಡವ್ವ."

"ಅವ ಆಡಾಕತ್ತಿರಲಿಲ್ಲ ಅಂತ ಯಾರರ ಒಬ್ಬರು ಹೇಳಿದ್ರ ಸಾಕಾಗಿತ್ತು ನನಗ. ಯಾರರ ಒಬ್ಬರು. ನೋಡಿದವರು ಯಾರದಾರ?"

ಹಂಪೇಶನ ಬಾಯಲ್ಲಿ ತುತ್ತಿತ್ತು. ಅವ್ವ ಕಾದಳು. ಆಮೇಲೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬೇಡ ಎನ್ನಲು ಆಗದೆ ಅವನು ಅದನ್ನೂ ತಿಂದ. ನೀರು ಕುಡಿದು, ಹಡಗಲಿ ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದ.

ಬಸ್ಸು ನಿಲ್ಲುವಲ್ಲಿಯವರೆಗೂ ಅವಳು ಬಂದಳು. ಹಸನು ಮಾಡಿದ ಶೇಂಗಾವನ್ನು ಒಂದು ಗಂಟಿನಲ್ಲಿ ಕಟ್ಟಿ ತಂದಿದ್ದಳು. ಅಜ್ಜಿಗೆ ಹುರಿದು ಪುಡಿ ಮಾಡಿ ಕೊಡಲು ವಾಣಿಗೆ ಹೇಳು ಎಂದಳು. ಬಸ್ಸು ಬಂದಾಗ ಅವನ ಅಂಗಿಯ ತೋಳಿಗೆ ಹತ್ತಿದ್ದ ಹೊಟ್ಟನ್ನು ಬೆರಳಿನಿಂದ ಜಾಡಿಸಿದಳು.

"ಹುಷಾರಾಗಿ ಹೋಗು. ಮುಟ್ಟಿದ ಮ್ಯಾಲ ಫೋನ್ ಮಾಡು."

ಅವನು ಕಿಟಕಿಯ ಪಕ್ಕ ಕೂತ. ಅವಳು ಸೆರಗನ್ನು ತಲೆಗೆ ಎಳೆದುಕೊಂಡು, ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದಳು. ಕೊಟ್ಟೂರು ಮುಟ್ಟಿದ ಮೇಲೆ ಅವನು ಫೋನು ಮಾಡಿದ. ಮುಟ್ಟೀನಿ ಎಂದ. ಆ ಕಡೆಯಿಂದ ಅಂಗಳದ ಗಾಳಿಯ ಸದ್ದು ಕೇಳಿತು, ಕಡಲೆಹಿಟ್ಟು ಕೂತ ತೂತುಗಳ ಮೂಲಕವೂ ಚೆನ್ನಾಗಿಯೇ ಕೇಳಿತು. ತಮ್ಮ ಕರೆದ ದಿನವೂ ಅಷ್ಟೇ ಚೆನ್ನಾಗಿ ಕೇಳಿತ್ತು. ಎಣ್ಣೆಯ ಕೂಗಿನ ನಡುವೆಯೂ ಕೇಳಿತ್ತು. ಗುಂಡಿನ ಸದ್ದು ಇರಲಿಲ್ಲ, ಗಾಳಿ ಇತ್ತು.

"ಮತ್ತೇನಪ್ಪ?" ಎಂದಳು ಅವ್ವ.

"ಏನಿಲ್ಲವ್ವ," ಎಂದ ಅವನು.

ಪ್ರವೀಣ ಆಡುತ್ತಿರಲಿಲ್ಲ, ತನ್ನನ್ನು ಕರೆದಿದ್ದ ಎಂದು ಹಂಪೇಶ ಅವ್ವನಿಗೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.